ಆಫ್ರಿಕಾ ಅಂದರೆ ಲಕ್ಷಗಟ್ಟಲೆ ಖರ್ಚಾ?

‘ಸಫಾರಿ ಪ್ಯಾಕೇಜ್ ಇಲ್ಲದೆ ಆಫ್ರಿಕಾ ನೋಡೋಕಾಗಲ್ಲ, ಲಕ್ಷಗಟ್ಟಲೆ ಬೇಕು’ ಅನ್ನೋ ಫಾರ್ವರ್ಡ್ ಓಡಾಡುತ್ತಿದೆ. ಕೀನ್ಯಾದ ಹೆಸರಾಂತ ವನ್ಯಜೀವಿ ಧಾಮ ಮಸಾಯ್ ಮಾರಾದ ಮಟ್ಟಿಗೆ ಇದು ತೀರಾ ಸುಳ್ಳೇನಲ್ಲ. ಜುಲೈನಿಂದ ಡಿಸೆಂಬರ್‌ವರೆಗೆ ವಿದೇಶಿಯರಿಗೆ ಪ್ರವೇಶ ಶುಲ್ಕವೇ ದಿನಕ್ಕೆ 200 ಡಾಲರ್. ಆದರೆ ಕೀನ್ಯಾದಲ್ಲಿ ಇರೋದು ಮಾರಾ ಒಂದೇ ಅಲ್ಲವಲ್ಲ!

ನೈರೋಬಿಯಿಂದ ಸುಮಾರು 90 ಕಿ.ಮೀ. ದೂರದ ನೈವಾಶಾಕ್ಕೆ ಮಟಾಟು, ಅಂದರೆ ಅಲ್ಲಿನ ಖಾಸಗಿ ಮಿನಿಬಸ್ ಹತ್ತಿ. ಪಕ್ಕದ ಹೆಲ್ಸ್ ಗೇಟ್ ಉದ್ಯಾನಕ್ಕೆ ಜೀಪ್ ಬೇಕಿಲ್ಲ. ಬಾಡಿಗೆ ಸೈಕಲ್ ತುಳಿಯುತ್ತಾ ಜೀಬ್ರಾ, ಜಿರಾಫೆ ನೋಡಬಹುದು. ಊಟಕ್ಕೆ ಚಪಾತಿ, ಬೀನ್ಸ್. ಅಲ್ಲೂ ಊಟದ ಜಾಗಕ್ಕೆ ‘ಹೋಟೆಲಿ’ ಅನ್ನುತ್ತಾರೆ, ಚಪಾತಿಗೆ ಚಪಾತಿ ಅಂತಲೇ.

ಒಂದು ಖರ್ಚು ಮಾತ್ರ ಉಳಿಸಬೇಡಿ: ಹಳದಿ ಜ್ವರದ ಲಸಿಕೆ. ಹೊರಡೋಕೆ 10 ದಿನ ಮೊದಲೇ ಹಾಕಿಸಿಕೊಳ್ಳಿ. ಸರ್ಟಿಫಿಕೇಟ್ ಇಲ್ಲದೆ ವಾಪಸ್ ಬಂದರೆ ಭಾರತದಲ್ಲಿ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಕೂರಿಸಬಹುದು.