ಕಾರಿನೊಳಗಿನ ಈರಭದ್ರ

ಆ ದಿನ ಕಾರು ಕಂಬಕ್ಕೆ ತಾಗಿದ್ದು ನನ್ನ ತಪ್ಪಿನಿಂದಲ್ಲ. ಹೀಗಂದಾಗಲೆಲ್ಲ ಹೆಂಡತಿ "ಹೌದೌದು, ಕಂಬದ್ದೇ ತಪ್ಪು" ಅನ್ನುತ್ತಾಳೆ. ನಡೆದದ್ದನ್ನು ಹೇಳುತ್ತೇನೆ, ನೀವೇ ತೀರ್ಮಾನ ಮಾಡಿ.

ಬೇಸ್‌ಮೆಂಟ್ ಪಾರ್ಕಿಂಗ್. ರಿವರ್ಸ್ ಗೇರ್ ಹಾಕಿದೆ. ಎದುರಿನ ದೊಡ್ಡ ಸ್ಕ್ರೀನಿನಲ್ಲಿ ಹಿಂದಿನ ಕ್ಯಾಮೆರಾ ಬರಬೇಕು. ಬರಲಿಲ್ಲ. ಹತ್ತು ನಿಮಿಷದ ಹಿಂದೆಯೇ ಮುಗಿದಿದ್ದ ಹಾಡಿನ ಪೋಸ್ಟರ್ ಇನ್ನೂ ಅಲ್ಲೇ ಕೂತು ನಗುತ್ತಿತ್ತು. ಬೆರಳಿನಿಂದ ತಟ್ಟಿದೆ. ಇನ್ನೊಮ್ಮೆ ತಟ್ಟಿದೆ. ಸ್ಕ್ರೀನಿನ ನಡುವೆ ಒಂದು ಪುಟ್ಟ ಚಕ್ರ ಸುತ್ತತೊಡಗಿತು. ಕಾರಿಗಿರುವ ನಾಲ್ಕು ಚಕ್ರಗಳ ಜೊತೆ ಇದು ಐದನೆಯದು, ಸ್ಟೆಪ್ನಿ ಲೆಕ್ಕಕ್ಕೆ ಹಿಡಿದರೆ ಆರನೆಯದು. ಕತ್ತು ತಿರುಗಿಸಿ ನೋಡಬಹುದಿತ್ತು, ನಿಜ. ಆದರೆ ಕ್ಯಾಮೆರಾ ಬಂದ ಮೇಲೆ ನನ್ನ ಕತ್ತು ಆ ಕೆಲಸಕ್ಕೆ ರಾಜೀನಾಮೆ ಕೊಟ್ಟಿದೆ. ಈಗ ಬರುತ್ತೆ, ಇನ್ನೇನು ಬಂತು ಅಂತ ಸ್ಕ್ರೀನನ್ನೇ ನೋಡುತ್ತಾ ನಿಧಾನಕ್ಕೆ ಹಿಂದಕ್ಕೆ ಬಿಟ್ಟೆ. ಟಕ್ ಅಂತು. ಆಗ ಕ್ಯಾಮೆರಾ ಬಂತು. ಕಂಬ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ಬಣ್ಣದಲ್ಲಿ ಬಿಟ್ಟ ಬಿರುಕುಗಳನ್ನು ಎಣಿಸಬಹುದಿತ್ತು.

ಅಮೆರಿಕದಲ್ಲಿ ಇದಕ್ಕೊಂದು ನಿಯಮವೇ ಇದೆ. 2018ರ ಮೇ ತಿಂಗಳಿನಿಂದ ಅಲ್ಲಿ ಎಲ್ಲ ಹೊಸ ಕಾರುಗಳಲ್ಲೂ ಹಿಂದಿನ ಕ್ಯಾಮೆರಾ ಇರಲೇಬೇಕು, ರಿವರ್ಸ್ ಹಾಕಿದ 2 ಸೆಕೆಂಡಿನೊಳಗೆ ಚಿತ್ರ ಬರಲೇಬೇಕು. ನಿಯಮ ಬರೆದವರು ನನ್ನ ಕಾರನ್ನು ನೋಡಿರಲಿಲ್ಲ.

ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ ನನ್ನ ಪುರಾಣವನ್ನೆಲ್ಲ ತಾಳ್ಮೆಯಿಂದ ಕೇಳಿದ. "ಸಾರ್, ವಾಲ್ಯೂಮ್ ಬಟನ್ನನ್ನ ಹತ್ತು ಸೆಕೆಂಡ್ ಒತ್ತಿ ಹಿಡ್ಕೊಳ್ಳಿ. ಸ್ಕ್ರೀನ್ ಆಫ್ ಆಗಿ ಆನ್ ಆಗುತ್ತೆ. ಸರಿ ಹೋಗುತ್ತೆ" ಅಂದ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಹೊಟ್ಟೆಪಾಡಿಗೆ ಮಾಡುವುದು ಸಾಫ್ಟ್‌ವೇರ್ ಕೆಲಸ. ಇಪ್ಪತ್ತು ವರ್ಷದಿಂದ ಊರಿಗೆಲ್ಲ "ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ" ಅಂತ ಹೇಳಿಕೊಂಡು ಬಂದವನು. ಅದೇ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಿದಾಗ ಎಷ್ಟು ಉರಿಯುತ್ತೆ ಅಂತ ಅವತ್ತು ಗೊತ್ತಾಯಿತು. ಇನ್ನೂ ಉರಿದದ್ದು ಯಾಕೆಂದರೆ, ಅದು ನಿಜಕ್ಕೂ ಸರಿಹೋಯಿತು! ಬಟನ್ ಒತ್ತಿ ಹಿಡಿದೆ, ಸ್ಕ್ರೀನ್ ಕಪ್ಪಾಯಿತು, ಲೋಗೋ ಬಂತು, ಕ್ಯಾಮೆರಾ ಕಣ್ಣು ಮಿಟುಕಿಸುವಷ್ಟರಲ್ಲಿ ಬರತೊಡಗಿತು. ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಒತ್ತಿದರೆ ಮತ್ತೆ ಹದಿನೈದು ದಿನ ಸುಖ. ಆಗ ರೋಗದ ಗುರುತು ಸಿಕ್ಕಿತು. ನಮ್ಮ ಕಸುಬಿನವರಿಗೆ ಇದು ನೆಗಡಿಯಷ್ಟೇ ಪರಿಚಿತ.

"ಮೆಮೊರಿ ಲೀಕ್" ಅಂದೆ ಹೆಂಡತಿಗೆ.

"ಲೀಕಾ? ಆಯಿಲ್ಲಾ ನೀರಾ?" ಅಂತ ಅವಳು ಮೊಬೈಲ್ ಟಾರ್ಚ್ ಹಾಕಿಕೊಂಡು ಕಾರಿನ ಕೆಳಗೆ ಬಗ್ಗಿ ನೋಡಿದಳು. ನೆಲ ಒಣಗಿತ್ತು. "ಏನೂ ಇಲ್ವಲ್ರೀ" ಅಂದಳು.

ಅದೇ ಕಷ್ಟ. ಲೀಕ್ ಅಂತ ಹೆಸರೇ ಹೊರತು ಎಲ್ಲೂ ಏನೂ ಸೋರುವುದಿಲ್ಲ. ಕಾರಿನ ಕಂಪ್ಯೂಟರಿನಲ್ಲಿ ಇಂತಿಷ್ಟು ಮೆಮೊರಿ ಅಂತ ಇರುತ್ತದೆ. ಮ್ಯಾಪು, ಹಾಡು, ಫೋನ್ ಬುಕ್ಕು, ಎಲ್ಲವೂ ಬೇಕಾದಾಗ ಕೈ ಚಾಚಿ ಒಂದಿಷ್ಟು ಇಸಿದುಕೊಳ್ಳುತ್ತವೆ. ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕು ಅನ್ನುವುದು ಒಪ್ಪಂದ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವನು ಕಂಪ್ಯೂಟರ್ ನೋಡದೆಯೇ ಅದರ ಹೊಟ್ಟೆಯೊಳಗೆ ಹೊಕ್ಕು ಬಂದಿದ್ದ. ಪ್ರತಿ ಹಾಡಿಗೂ ಅದರ ಪೋಸ್ಟರ್ ತೋರಿಸಲು ಚೂರು ಜಾಗ ಬೇಕು. ಹಾಡು ಮುಗಿಯಿತು, ಪೋಸ್ಟರ್ ಕೂತೇ ಇದೆ. ಮುಂದಿನ ಹಾಡಿಗೆ ಇನ್ನೊಂದು ಚೂರು. ಮನೆಯ ಅಟ್ಟ ತುಂಬುವುದು ಹೀಗೇ ಅಲ್ವಾ? ಯಾರೂ ಒಂದೇ ದಿನದಲ್ಲಿ ತುಂಬಿಸಿರುವುದಿಲ್ಲ.

ಅಟ್ಟ ತುಂಬಿದ ಮೇಲೆ ಕೋಡಂಗಿಗೂ ಸಿಟ್ಟು ಬರುತ್ತದೆ. ಇಂಥ ಎಷ್ಟೋ ಸ್ಕ್ರೀನುಗಳು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಮೇಲೆ, ಇಲ್ಲವೇ ಅದರ ಮೇಲೇ ಕಟ್ಟಿದ ಆಂಡ್ರಾಯ್ಡ್ ಮೇಲೆ ಓಡುತ್ತವೆ. ಲಿನಕ್ಸಿನಲ್ಲಿ ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರ್ ಅಂತ ಒಬ್ಬ ಇದ್ದಾನೆ. ಮೆಮೊರಿ ಪೂರ್ತಿ ಖರ್ಚಾದಾಗ ಎದ್ದು ಬಂದು, ಓಡುತ್ತಿರುವ ಪ್ರೋಗ್ರಾಂಗಳಿಗೆಲ್ಲ ಅಂಕ ಹಾಕಿ, ಯಾರ ಅಂಕ ಜಾಸ್ತಿಯೋ ಅವರನ್ನು ಅಲ್ಲೇ ಮುಗಿಸುತ್ತಾನೆ. ಅಂಕ ಕೊಡುವುದು ಆ ಹೊತ್ತಿಗೆ ಯಾರ ಕೈಯಲ್ಲಿ ಹೆಚ್ಚು ಮೆಮೊರಿ ಇದೆ ಅಂತ ನೋಡಿ, ತಪ್ಪು ಯಾರದು ಅಂತ ವಿಚಾರಿಸಿ ಅಲ್ಲ. ಒಮ್ಮೆ ರಸ್ತೆ ಎರಡಾಗಿ ಒಡೆಯುವ ಜಾಗದಲ್ಲಿ, "ಮುಂದೆ ಐವತ್ತು ಮೀಟರಿನಲ್ಲಿ..." ಅಂದ ಮ್ಯಾಪಿನ ಹೆಂಗಸು ಅಲ್ಲಿಗೇ ಮಾತು ನಿಲ್ಲಿಸಿದಳು. ಹಾಡು ಮಾತ್ರ ಚೆನ್ನಾಗಿ ಬರುತ್ತಿತ್ತು. ಹಾಡು ಮಾಡಿದ ಸಾಲಕ್ಕೆ ಮ್ಯಾಪು ಜೀವ ಕೊಟ್ಟಿತು ಅಂತ ನನ್ನ ಅನುಮಾನ. ನಾವು ಹನ್ನೊಂದು ಕಿಲೋಮೀಟರ್ ಸುಮ್ನೆ ಸುತ್ತಿ ಬಂದೆವು.

ಕಾರನ್ನು ದಿನಾ ಆಫ್ ಮಾಡುತ್ತೀವಲ್ಲ, ಆಗ ಸರಿಹೋಗಬೇಕಲ್ವಾ ಅಂತ ನೀವು ಕೇಳಬಹುದು. ಮಗಳೂ ಕೇಳಿದಳು. ಆಫ್ ಆಗುವುದು ಎಂಜಿನ್. ಒಳಗಿನ ಕಂಪ್ಯೂಟರ್ ಬರೀ ಕಣ್ಣು ಮುಚ್ಚಿಕೊಂಡಿರುತ್ತದೆ. ಪೂರ್ತಿ ಆಫ್ ಆದರೆ ಬೆಳಿಗ್ಗೆ ಎದ್ದು ಕೂರಲು ಅದಕ್ಕೆ ಹೊತ್ತು ಹಿಡಿಯುತ್ತೆ, ಅಷ್ಟು ಕಾಯುವ ಸಹನೆ ನಮಗಿಲ್ಲ. ಹಾಗಾಗಿ ಮೆಮೊರಿಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಹಿಡಿದುಕೊಂಡು ಮಲಗುತ್ತದೆ. ನಿನ್ನೆಯ ಪೋಸ್ಟರುಗಳೂ ಪಕ್ಕದಲ್ಲೇ ಮಲಗಿ ಜೊತೆಗೇ ಏಳುತ್ತವೆ.

ಬೈಯಲು ನನಗೆ ನೈತಿಕ ಹಕ್ಕಿಲ್ಲ. ನಮ್ಮ ಆಫೀಸಿನಲ್ಲೂ ಇಂಥದ್ದೇ ಒಂದು ಪ್ರೋಗ್ರಾಂ ಇದೆ. ಎಲ್ಲಿ ಸೋರುತ್ತೆ ಅಂತ ಎರಡು ವಾರ ಹುಡುಕಿದೆವು. ಮೂರನೇ ವಾರ, ದಿನಾ ರಾತ್ರಿ ಮೂರು ಗಂಟೆಗೆ ಅದು ತಾನಾಗಿ ರೀಸ್ಟಾರ್ಟ್ ಆಗಲಿ ಅಂತ ಒಂದು ಸಾಲು ಬರೆದು ಮನೆಗೆ ಹೋದೆವು. ಎಂಟು ವರ್ಷವಾಯಿತು, ಯಾರೂ ದೂರಿಲ್ಲ. ಆ ಸಾಲು ಬರೆದವನು ನಾನೇ.

ವಿಮಾನದವರೂ ನಮ್ಮವರೇ ಅಂತ ತಿಳಿದಾಗ ಸ್ವಲ್ಪ ಸಮಾಧಾನವಾಯಿತು. ಬೋಯಿಂಗ್ 787 ವಿಮಾನದ ಕರೆಂಟು 248 ದಿನ ಬಿಡದೆ ಆನ್ ಇದ್ದರೆ ಜನರೇಟರುಗಳನ್ನು ನೋಡಿಕೊಳ್ಳುವ ಕಂಪ್ಯೂಟರುಗಳು ಕೈ ಎತ್ತಿಬಿಡಬಹುದು, ಅದಕ್ಕೆ ಮೊದಲೇ ಆಫ್ ಮಾಡಿ ಆನ್ ಮಾಡಿ ಅಂತ 2015ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಆದೇಶ ಹೊರಡಿಸಿತ್ತು. ಅದು ಲೀಕ್ ಅಲ್ಲ. ಎಣಿಸುತ್ತಾ ಹೋದ ಸಂಖ್ಯೆ ತನ್ನ ಡಬ್ಬಿಯಲ್ಲಿ ಹಿಡಿಸದಷ್ಟು ದೊಡ್ಡದಾದ ಕಥೆ. ರೋಗ ಬೇರೆ, ಔಷಧ ಅದೇ.

ಈ ನಡುವೆ ನನ್ನ ಕಾರಿಗೆ ಅಪ್‌ಡೇಟ್ ಬಂತು. "ವೇಗ ಹೆಚ್ಚಿಸಲಾಗಿದೆ" ಅಂತ ಬರೆದಿತ್ತು. ನಲವತ್ತು ನಿಮಿಷ ಕಾರು ಅಲುಗಾಡಿಸುವ ಹಾಗಿಲ್ಲ. ಮೂವರೂ ಒಳಗೆ ಕೂತು ಶೇಕಡಾವಾರು ನೋಡುತ್ತಿದ್ದೆವು. ಮುಗಿದ ಮೇಲೆ ಸ್ಕ್ರೀನಿನಲ್ಲಿ ಮೀನುಗಳು ಬಂದವು! ಕಾರು ನಿಂತಿರುವಾಗ ನೋಡಲು ಅಕ್ವೇರಿಯಂ. ಮುಟ್ಟಿದರೆ ಗುಳ್ಳೆ ಬಿಡುತ್ತವೆ. ಮೊದಲು ಕಣ್ಣೆದುರೇ ಇದ್ದ ಎಸಿ ಬಟನ್ ಮಾತ್ರ ಎರಡು ಮೆನು ಒಳಗೆ ಹೋಗಿ ಕೂತಿತ್ತು. ಕ್ಯಾಮೆರಾ ಹದಿನೈದು ದಿನದ ಬದಲು ಹತ್ತು ದಿನಕ್ಕೇ ಸುಸ್ತಾಗತೊಡಗಿತು. 1969ರಲ್ಲಿ ಮನುಷ್ಯರನ್ನು ಚಂದ್ರನ ಮೇಲೆ ಇಳಿಸಿದ ಅಪೊಲೊ ಕಂಪ್ಯೂಟರಿಗೆ ಇದ್ದದ್ದು ಸುಮಾರು 4 ಕೆಬಿ ರ‍್ಯಾಮ್. ನನ್ನ ಅಕ್ವೇರಿಯಂನ ಒಂದು ಮೀನಿನ ಬಾಲಕ್ಕೂ ಅದು ಸಾಲುವುದಿಲ್ಲ. ಯಂತ್ರ ವೇಗವಾಗುವುದಕ್ಕಿಂತ ಬೇಗ ಸಾಫ್ಟ್‌ವೇರ್ ನಿಧಾನವಾಗುತ್ತಿದೆ ಅಂತ ಪಾಸ್ಕಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ ನಿಕ್ಲೌಸ್ ವಿರ್ತ್ 1995ರಲ್ಲೇ ಬರೆದಿದ್ದರು. ಆಗ ಕಾರಿನೊಳಗೆ ಮೀನು ಇರಲಿಲ್ಲ.

ನನ್ನದೇ ಎಷ್ಟೋ ವಾಸಿ ಅನಿಸಿದ್ದು ಅಮೆರಿಕದ ಸಿಯಾಟಲ್ ನಗರದ ಕಥೆ ಓದಿದಾಗ. 2022ರಲ್ಲಿ ಅಲ್ಲಿನ ಒಂದು ರೇಡಿಯೊ ಕೇಂದ್ರ ಹಾಡು ಮಾತಿನ ಜೊತೆ ಚಿತ್ರಗಳನ್ನೂ ಕಳಿಸುತ್ತಿತ್ತು. ಕೆಲವು ಚಿತ್ರದ ಫೈಲುಗಳ ಹೆಸರಿನ ಕೊನೆಯಲ್ಲಿ ಇರಬೇಕಾದ ".jpg" ಥರದ ಬಾಲ ಇರಲಿಲ್ಲ. ಅಷ್ಟಕ್ಕೇ 2014ರಿಂದ 2017ರ ನಡುವಿನ ಮಜ್ದಾ ಕಾರುಗಳ ಸ್ಕ್ರೀನ್ ಮತ್ತೆ ಮತ್ತೆ ರೀಸ್ಟಾರ್ಟ್ ಆಗತೊಡಗಿತು, ರೇಡಿಯೊ ಆ ಕೇಂದ್ರ ಬಿಟ್ಟು ಕದಲಲಿಲ್ಲ. ಒಂದು ಚುಕ್ಕೆ, ಮೂರಕ್ಷರ ಇಲ್ಲ ಅಂತ ಕಾರು ಹಟ ಹಿಡಿದು ಕೂತಿತು.

ನನಗೆ ಆಗಬೇಕಾದ ಮರ್ಯಾದೆ ಮಾತ್ರ ಇನ್ನೂ ಬಾಕಿ ಇತ್ತು. ಹಳೆ ಕಾರುಗಳಲ್ಲಿ ಇಂಡಿಕೇಟರ್ ಹಾಕಿದರೆ ಒಳಗೆ ಒಂದು ಲೋಹದ ಪಟ್ಟಿ ಬಿಸಿಯಾಗಿ ಬಗ್ಗುತ್ತಿತ್ತು, ತಣ್ಣಗಾಗಿ ನೆಟ್ಟಗಾಗುತ್ತಿತ್ತು. ಟಿಕ್ ಟಿಕ್ ಸದ್ದು ಅದರದ್ದು. ನನ್ನ ಕಾರಿನಲ್ಲಿ ಆ ಪಟ್ಟಿ ಇಲ್ಲ. ಟಿಕ್ ಟಿಕ್ ಅನ್ನುವುದು ಸ್ಪೀಕರಿನಲ್ಲಿ ಬರುವ ರೆಕಾರ್ಡು! ಸ್ಕ್ರೀನ್ ಸತ್ತರೆ ಅದೂ ಸಾಯುತ್ತದೆ. ಇದು ಗೊತ್ತಾದದ್ದು, ಸದ್ದಿಲ್ಲದ ಬಲ ಇಂಡಿಕೇಟರ್ ಮಿನುಗಿಸಿಕೊಂಡು ನಾಲ್ಕು ಕಿಲೋಮೀಟರ್ ನೇರ ಹೋದ ಮೇಲೆ. ಸ್ಕೂಟರಿನವರೊಬ್ಬರು ಪಕ್ಕಕ್ಕೆ ಬಂದು, "ಸ್ವಾಮಿ, ತಿರುಗ್ತೀರೋ, ಸುಮ್ನೆ ಆಸೆ ತೋರಿಸ್ತಿದ್ದೀರೋ?" ಅಂತ ಕೇಳಿ ಹೋದರು. ಮಗಳು ಹಿಂದಿನ ಸೀಟಿನಲ್ಲಿ ಬಿದ್ದು ಬಿದ್ದು ನಕ್ಕಳು.

ಅಂದಿನಿಂದ ಆ ಕೆಲಸ ಅವಳೇ ವಹಿಸಿಕೊಂಡಿದ್ದಾಳೆ. ಸ್ಕ್ರೀನ್ ಕಪ್ಪಾಗಿ ಲೋಗೋ ಬಂದ ಕೂಡಲೇ ಹಿಂದಿನಿಂದ "ಟಿಕ್, ಟಿಕ್, ಟಿಕ್" ಶುರುವಾಗುತ್ತದೆ. ಸ್ಟೇರಿಂಗ್ ನೆಟ್ಟಗಾದರೆ ನಿಲ್ಲಿಸುತ್ತಾಳೆ. ಇದುವರೆಗೆ ಒಂದು ಸಲವೂ ತಪ್ಪಿಲ್ಲ, ಅಪ್‌ಡೇಟೂ ಕೇಳಿಲ್ಲ.

ಮೊನ್ನೆ ರಾತ್ರಿ ವಾಪಸ್ ಬರುವಾಗ ಅವಳಿಗೆ ನಿದ್ದೆ ಬಂದುಬಿಟ್ಟಿತ್ತು. ಸರಿಯಾಗಿ ತಿರುವಿನಲ್ಲೇ ಸ್ಕ್ರೀನ್ ಹೋಯಿತು. ಇಂಡಿಕೇಟರ್ ಹಾಕಿದೆ. ಕಾರಿನೊಳಗೆ ಮೌನ. ಹೆಂಡತಿ ಒಮ್ಮೆ ಹಿಂದೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ನಿಟ್ಟುಸಿರು ಬಿಟ್ಟು, ಮಗಳಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ ಶುರು ಮಾಡಿದಳು.

"ಟಿಕ್... ಟಿಕ್... ರೀ, ಎಡಕ್ಕೆ ತಾನೇ? ಟಿಕ್..."