ಕೂತ ಗಾಡಿ, ಕಾವಿಗೆ ಕೂತ ಕೋಳಿ

ಮೊದಲು ಗಮನಿಸಿದ್ದು ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್. ಬೆಳಿಗ್ಗೆ ಹಾಲು ತರಲು ಇಳಿದವನನ್ನು ತಡೆದು, "ಸಾರ್, ನಿಮ್ ಗಾಡಿ ಕೂತ್ಕೊಂಡಿದೆ" ಅಂದರು. ನಿಂತಿದೆ ಅನ್ನೋದನ್ನೇ ಹಾಗೆ ಹೇಳ್ತಿದ್ದಾರೆ ಅಂದುಕೊಂಡೆ. ಹೋಗಿ ನೋಡಿದರೆ ನಿಜವಾಗಿಯೂ ಕೂತಿತ್ತು. ಮೇವು ಮುಗಿಸಿ ಮಲಗಲು ಹೊರಟ ಎಮ್ಮೆಯ ಹಾಗೆ ಎಡ ಮುಂಗಾಲು ಮಡಚಿಕೊಂಡಿತ್ತು. ಟೈರಿನಲ್ಲಿ ಗಾಳಿ ಸರಿಯಾಗೇ ಇತ್ತು. ಆದರೆ ಟೈರು ಅರ್ಧ ಮಡ್‌ಗಾರ್ಡಿನೊಳಗೆ ಹೊಕ್ಕಿತ್ತು.

ಗಾಡಿ ನನ್ನದಾಗಿ ಆಗ ಮೂರು ದಿನ.

ಯಾವ ಕಂಪನಿಯದ್ದು ಅಂತ ಹೇಳುವುದಿಲ್ಲ. ಮನೆಯಲ್ಲಿ ಆ ಹೆಸರು ಎತ್ತಬಾರದು ಅಂತ ಒಪ್ಪಂದ ಆಗಿದೆ. ಫಾರಿನ್ನಿನದು, ಮೂರು ಲೀಟರಿನ ಡೀಸೆಲ್ ಎಂಜಿನ್, ನಾಲ್ಕೂ ಚಕ್ರ ಎಳೆಯುವಂಥದ್ದು, 2010ರ ಮಾಡೆಲ್. ಹೊಸದರಲ್ಲಿ 60 ಲಕ್ಷದ ಮೇಲಿತ್ತು. ನನಗೆ ಸಿಕ್ಕಿದ್ದು ಐದೂವರೆ ಲಕ್ಷಕ್ಕೆ.

ಅಷ್ಟು ಅಗ್ಗ ಯಾಕೆ ಅಂದರೆ, ಅದು ದೆಹಲಿ ಗಾಡಿ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ರಸ್ತೆಗೆ ಇಳಿಯಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಹಾಗಾಗಿ ಒಂಬತ್ತು ತುಂಬುತ್ತಿದ್ದಂತೆ ಅಲ್ಲಿನವರು ಆಗ ದೊಡ್ಡ ದೊಡ್ಡ ಗಾಡಿಗಳನ್ನು ಸಿಕ್ಕ ಬೆಲೆಗೆ ದಕ್ಷಿಣಕ್ಕೆ ಸಾಗಹಾಕುತ್ತಿದ್ದರು. ದಕ್ಷಿಣದಲ್ಲಿ ನನ್ನಂಥವರು ಕಾದಿರುತ್ತಿದ್ದೆವು.

2020ರ ಜನವರಿಯಲ್ಲಿ ಕರೋಲ್ ಬಾಗ್‌ನಲ್ಲಿ ಗಾಡಿ ತೋರಿಸಿದ ಬ್ರೋಕರ್, "ಡಾಕ್ಟರ್ ಸಾಬ್ ಕೀ ಗಾಡಿ ಹೈ" ಅಂದ. ನಮ್ಮ ದೇಶದಲ್ಲಿ ಮಾರಾಟಕ್ಕೆ ಬರುವ ಹಳೇ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿರುತ್ತಾರೆ. ಈ ಡಾಕ್ಟರು 1,86,000 ಕಿ.ಮೀ. ಓಡಿಸಿದ್ದರು. ಪಾಪ, ರೋಗಿಗಳೆಲ್ಲ ದೂರ ದೂರ ಇದ್ದರು ಅಂತ ಕಾಣುತ್ತೆ. ಬ್ರೇಕ್ ಪೆಡಲಿನ ರಬ್ಬರು ಅಜ್ಜಿ ಮನೆಯ ಹೊಸ್ತಿಲಿನ ಹಾಗೆ ಸವೆದು ನುಣ್ಣಗಾಗಿತ್ತು. ಸೀಟಿನ ಕೆಳಗೆ ಕೈ ಹಾಕಿದರೆ ಕಲ್ಲಾಗಿದ್ದ ಒಂದು ಗಜಕ್ (ಎಳ್ಳು-ಬೆಲ್ಲದ ಮಿಠಾಯಿ) ತುಂಡು ಸಿಕ್ಕಿತು. ಎಂಜಿನ್ ಮಾತ್ರ ನಾನು ಹೋಗುವ ಮೊದಲೇ ಸ್ಟಾರ್ಟ್ ಆಗಿತ್ತು. ಚಹಾ ಕುಡಿದು, ಚೌಕಾಸಿ ಮಾಡಿ, ಅಡ್ವಾನ್ಸ್ ಕೊಡುವ ತನಕ ಅವನು ಆಫ್ ಮಾಡಲೇ ಇಲ್ಲ. ಎಷ್ಟು ಧಾರಾಳಿ, ಡೀಸೆಲ್ ಉರಿಯೋದನ್ನೂ ಲೆಕ್ಕಿಸ್ತಿಲ್ಲ ಅಂತ ನಾನು ಅಂದುಕೊಂಡೆ!

ಯಾಕೆ ಆಫ್ ಮಾಡಲಿಲ್ಲ ಅಂತ ಬೆಂಗಳೂರಿನಲ್ಲಿ ಗೊತ್ತಾಯಿತು. ಈ ಗಾಡಿಗೆ ಕಬ್ಬಿಣದ ಸ್ಪ್ರಿಂಗ್ ಇಲ್ಲ. ನಾಲ್ಕು ಚಕ್ರಕ್ಕೂ ಒಂದೊಂದು ರಬ್ಬರ್ ಚೀಲ. ಕಂಪ್ರೆಸರ್ ಅದಕ್ಕೆ ಗಾಳಿ ತುಂಬುತ್ತೆ. ಗುಂಡಿ ಒತ್ತಿದರೆ ಗಾಡಿ ಮೇಲೇಳುತ್ತೆ, ಇನ್ನೊಂದು ಸಲ ಒತ್ತಿದರೆ ಇಳಿಯುತ್ತೆ. ಆ ಗುಂಡಿಗೆ ಮರುಳಾಗಿಯೇ ನಾನು ದುಡ್ಡು ಕೊಟ್ಟಿದ್ದು. ಆದರೆ ರಬ್ಬರಿಗೂ ವಯಸ್ಸಾಗುತ್ತೆ. ಮಡಿಕೆ ಬೀಳುವ ಜಾಗದಲ್ಲಿ ಬಿರುಕು ಬಿಡುತ್ತೆ. ಎಂಜಿನ್ ಓಡುತ್ತಿರುವಷ್ಟು ಹೊತ್ತು ಕಂಪ್ರೆಸರ್ ಗಾಳಿ ತುಂಬಿ ತುಂಬಿ ಮಾನ ಉಳಿಸುತ್ತೆ. ಆಫ್ ಮಾಡಿದ ಮೇಲೆ ಗಂಟೆಗೊಂದಿಷ್ಟು ಕುಸಿಯುತ್ತಾ ಹೋಗುತ್ತೆ. ಕಂಪನಿ ಚೀಲ ಒಂದಕ್ಕೆ 90 ಸಾವಿರ ಅಂದರು. ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದೆ, ಬೇರೆ ಕಂಪನಿಯದು 28 ಸಾವಿರಕ್ಕೆ ತರಿಸಿಕೊಡ್ತೀವಿ ಅಂದರು. ತರಿಸಿ ಅಂದೆ.

ಅಷ್ಟರಲ್ಲಿ ತೆರಿಗೆಯ ಲೆಕ್ಕ ಬಂತು. ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ ನೋಂದಾಯಿಸಲು ಜೀವಾವಧಿ ತೆರಿಗೆ ಕಟ್ಟಬೇಕು. ಅದು ನಾನು ಕೊಟ್ಟ ಐದೂವರೆ ಲಕ್ಷದ ಮೇಲಲ್ಲ, ಹೊಸದಿದ್ದಾಗಿನ ಬೆಲೆಯ ಮೇಲೆ. 20 ಲಕ್ಷ ಮೀರಿದ ಕಾರಿಗೆ ಶೇಕಡಾ 18, ಅದರಲ್ಲಿ ಗಾಡಿಯ ವಯಸ್ಸು ನೋಡಿ ಒಂದಿಷ್ಟು ಕಡಿತ. ಕಡಿತವೆಲ್ಲ ಕಳೆದು ಬಂದ ಮೊತ್ತ, ಗಾಡಿಯ ಬೆಲೆಗೆ ಒಡಹುಟ್ಟಿದ ತಮ್ಮನ ಹಾಗಿತ್ತು. ಹೆಂಡತಿ ಆ ಚೀಟಿ ನೋಡಿ ಒಂದೂ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿರ್ತಿತ್ತು.

ಅಡ್ರೆಸ್ ಊರಿನದು, ಸಕಲೇಶಪುರ. ಅಲ್ಲಿನ ಕೆಎ 46 ನಂಬರ್ ಮಾಡಿಸೋಣ, ಹಾಗೇ ಯುಗಾದಿಗೆ ಅಮ್ಮನಿಗೂ ತೋರಿಸೋಣ ಅಂತ ಹೊರಟೆ. ಹಬ್ಬಕ್ಕೆ ನಾಲ್ಕು ದಿನ ಮೊದಲೇ ತಲುಪಿದೆ. ಯುಗಾದಿಯ ದಿನವೇ, ಮಾರ್ಚ್ 25ಕ್ಕೆ, ದೇಶಕ್ಕೆಲ್ಲ ಬೀಗ ಬಿತ್ತು. ಆರ್‌ಟಿಒ ಬಂದ್, ಜೆ.ಸಿ. ರಸ್ತೆ ಬಂದ್, ಕೊರಿಯರ್ ಬಂದ್. ನಾನೂ ಗಾಡಿಯೂ ತೋಟದ ಮನೆಯ ಶೆಡ್ಡಿನಲ್ಲಿ ಲಾಕ್ ಆದೆವು.

ಪಕ್ಕದ ಮನೆಯ ಚಿಕ್ಕಪ್ಪ ನೋಡಲು ಬಂದರು. ಅವರ ಜೀಪಿಗೆ ನನಗಿಂತ ಜಾಸ್ತಿ ವಯಸ್ಸು. ಬಗ್ಗಿ ನೋಡಿ, "ಇದಕ್ಕೆ ಸ್ಪ್ರಿಂಗ್ ಪ್ಲೇಟು ಇಲ್ವೇನೋ?" ಅಂದರು. ಇಲ್ಲ, ಗಾಳಿ ಅಂದೆ. ಬರೀ ಗಾಳಿ ಮೇಲೆ ನಿಂತಿದ್ಯಾ ಅಂತ ಎರಡು ಸಲ ಕೇಳಿದರು. ಮಾರನೇ ದಿನ ಶೇವಿಂಗ್ ಬ್ರಶ್ಶು, ಸೋಪು, ಬಿಸಿನೀರು ಹಿಡಿದುಕೊಂಡು ಬಂದರು. ಟ್ಯೂಬಿನ ಪಂಕ್ಚರ್ ಹುಡುಕೋದು ಹೀಗೇ ಅಲ್ವಾ ಅಂತ ಅವರ ವಾದ. ನೆಲಕ್ಕೆ ಗೋಣಿಚೀಲ ಹಾಸಿಕೊಂಡು ಗಾಡಿಯಡಿ ನುಸುಳಿದರು. ಹೇಗೂ ಈಗ ಯಾರೂ ಗಡ್ಡ ಕೆರೆಯಲ್ಲ ಅನ್ನುತ್ತಾ ಎಡಗಡೆಯ ಚೀಲಕ್ಕೆ ಸುತ್ತಲೂ ನೊರೆ ಹಚ್ಚಿದರು. ಕೆಳಗಿನ ಮಡಿಕೆಯಲ್ಲಿ ಒಂದೇ ಕಡೆ ಸಾಸಿವೆಯಷ್ಟು ಗುಳ್ಳೆ ಎದ್ದಿತು. ಕಡಲೆಯಷ್ಟಾಯಿತು. ಒಡೆಯಿತು. ಮತ್ತೆ ಎದ್ದಿತು. ನನ್ನ ಐದೂವರೆ ಲಕ್ಷ ಅಲ್ಲಿಂದಲೇ ಹೋಗ್ತಾ ಇತ್ತು. ಇಬ್ಬರೂ ಬಹಳ ಹೊತ್ತು ಸುಮ್ನೆ ಅದನ್ನೇ ನೋಡುತ್ತಾ ಮಲಗಿದ್ದೆವು.

ಆ ಗೋಣಿಚೀಲವನ್ನು ನಾವು ಅಲ್ಲೇ ಬಿಟ್ಟು ಬಂದಿದ್ದೇ ತಪ್ಪಾಯಿತು. ಎರಡು ವಾರ ಬಿಟ್ಟು ಅಮ್ಮನಿಗೆ ಒಂದು ನಾಟಿ ಕೋಳಿ ಕಾಣಲಿಲ್ಲ. ಹುಡುಕಿದರೆ ಗಾಡಿಯಡಿ, ಅದೇ ಚೀಲದ ಮೇಲೆ, ಹನ್ನೊಂದು ಮೊಟ್ಟೆ ಇಟ್ಟುಕೊಂಡು ಕಾವಿಗೆ ಕೂತಿದೆ. ಕೈ ಹಾಕಿದರೆ ಕುಕ್ಕಲು ಬರುತ್ತೆ. ಇತ್ತ ಗಾಡಿ ದಿನವೂ ಇಷ್ಟಿಷ್ಟೇ ಅದರ ಮೇಲೆ ಇಳಿಯುತ್ತಿದೆ.

"ಗಾಡಿ ಸ್ಟಾರ್ಟ್ ಮಾಡಿ ಮೇಲೆತ್ತುತ್ತೀನಮ್ಮ" ಅಂದೆ.

"ಮುಟ್ಟೀಯ ಜೋಕೆ. ಆ ಸದ್ದಿಗೆ ಕೋಳಿ ಎದ್ದು ಹೋದ್ರೆ ಮೊಟ್ಟೆ ಕೊಳೀತವೆ."

ಗಾಡಿ ಕುಸಿಯಬಾರದು, ಸ್ಟಾರ್ಟೂ ಆಗಬಾರದು. ಚಿಕ್ಕಪ್ಪ ಜೀಪಿನ ಜಾಕಿ ತಂದರು. ಕೋಳಿಗೆ ಕೇಳಿಸದ ಹಾಗೆ ಅರ್ಧರ್ಧ ಸುತ್ತು ತಿರುಗಿಸಿ ಎತ್ತಿ, ಚಾಸಿಸ್ಸಿನ ಅಡಿ ತೋಟದ ಸಿಲ್ವರ್ (ಸಿಲ್ವರ್ ಓಕ್) ಮರದ ಒಂದು ತುಂಡು ನಿಲ್ಲಿಸಿದೆವು. ಮಾಡಿದ ಕೆಲಸಕ್ಕೆ ಕೋಳಿ ನನ್ನ ಕೈಗೆ ಎರಡು ಸಲ ಕುಕ್ಕಿತು. ಇಪ್ಪತ್ತೊಂದು ದಿನ, 60 ಲಕ್ಷದ ಗಾಡಿ ಮರದ ತುಂಡಿನ ಮೇಲೆ ನಿಂತಿತು. ತೋಟದ ಕೆಲಸದವರ ಲೈನ್ ಮನೆಯ ಮಕ್ಕಳು ಬಂದು ಬಗ್ಗಿ ಕೋಳಿ ನೋಡಿ ಹೋಗುತ್ತಿದ್ದವು. ಗಾಡಿ ನೋಡಲು ಯಾರೂ ಬರಲಿಲ್ಲ.

ಒಂಬತ್ತು ಮರಿಗಳಾದವು. ಬ್ಯಾಟರಿ ಸತ್ತಿತ್ತು. ಚಿಕ್ಕಪ್ಪನ ಜೀಪಿನಿಂದ ವೈರ್ ಎಳೆದು ಸ್ಟಾರ್ಟ್ ಮಾಡಿದೆ.

ಜೂನಿನಲ್ಲಿ ಚೀಲ ಬಂತು. ಹಾಸನದಿಂದ ಬಂದ ಮೆಕ್ಯಾನಿಕ್ ಬಿಚ್ಚುವಾಗಲೇ, "ಸಾರ್, ಇದನ್ನ ಜೋಡಿ ಹಾಕ್ಸಿ. ಎರಡಕ್ಕೂ ಒಂದೇ ವಯಸ್ಸು" ಅಂದ. ಇನ್ನೊಂದು 28 ಸಾವಿರ ನೆನೆದು, ಒಂದು ಸಾಕಪ್ಪ ಅಂದೆ. ಅವನು ಭುಜ ಕುಣಿಸಿ ನಟ್ಟು ಬಿಗಿ ಮಾಡಿದ. ರಾತ್ರಿ ಮೂರು ಸಲ ಎದ್ದು ಹೋಗಿ ಟಾರ್ಚ್ ಬಿಟ್ಟು ನೋಡಿದೆ. ಎಡಗಾಲು ಒಂದು ಇಂಚೂ ಇಳಿದಿರಲಿಲ್ಲ. ಒಂದು ವಾರ ಹಾಗೇ ನಿಂತಿತ್ತು. ನಾನೂ ಸ್ವಲ್ಪ ಎದೆ ಎತ್ತಿಕೊಂಡೇ ತಿರುಗಾಡಿದೆ.

ಎಂಟನೇ ದಿನ ಬೆಳಿಗ್ಗೆ ಶೆಡ್ಡಿನ ಕಡೆಯಿಂದ ಚಿಕ್ಕಪ್ಪನ ದನಿ ಕೇಳಿತು. "ಏನೋ, ಇವತ್ತು ಬಲಗಡೆಗೆ ಕೂತಿದೆಯಲ್ಲೋ?"

ಓಡಿದೆ. ಮರಿಗಳು ಗಾಡಿಯಡಿಯಿಂದ ಸಾಲಾಗಿ ಹೊರಗೆ ಬರುತ್ತಿದ್ದವು.

"ಅಮ್ಮಾ, ಆ ಸಿಲ್ವರ್ ಮರದ ತುಂಡೆಲ್ಲಿ?"

ಬಚ್ಚಲು ಮನೆಯಿಂದ ಅಮ್ಮನ ಉತ್ತರ ಬಂತು. "ನಿನ್ನೆ ಹಂಡೆ ಒಲೆಗೆ ಹಾಕ್ದೆನಲ್ಲೋ. ನೀನು ಸ್ನಾನ ಮಾಡಿದ್ದು ಅದೇ ಬಿಸಿನೀರಲ್ಲಿ."