ಯಾವ ಎಣ್ಣೆ ಅನ್ನೋದಕ್ಕಿಂತ ಮೊದಲು ಎಷ್ಟು ಎಣ್ಣೆ ಅಂತ ಕೇಳಿಕೊಳ್ಳೋಣ

ಬೆಂಗಳೂರಲ್ಲಿ ನಾಲ್ಕು ಜನ ಸೇರಿದ ಕಡೆ ಊಟದ ಮಾತು ಬಂದರೆ ಈಗ ಎಣ್ಣೆಯದೇ ಚರ್ಚೆ. ಸೂರ್ಯಕಾಂತಿ ಒಳ್ಳೆಯದಾ, ಕಡಲೆಕಾಯಿ ಎಣ್ಣೆ ಒಳ್ಳೆಯದಾ? ರಿಫೈನ್ಡ್ ಬಿಟ್ಟು ಗಾಣದ್ದಕ್ಕೆ ಹೋಗಬೇಕಾ? ತುಪ್ಪ ಎಷ್ಟು ತಿಂದರೂ ಏನೂ ಆಗಲ್ಲವಂತೆ, ಹೌದಾ? ನೀಲಿ ಪ್ಯಾಕೆಟ್ ಹಾಲಾ, ಗಟ್ಟಿ ಹಾಲಾ? ಆಸ್ಪತ್ರೆಯೊಂದರ ಪಥ್ಯಾಹಾರ ವಿಭಾಗದಲ್ಲಿ ಕೆಲಸ ಮಾಡಿದವಳು ಅಂತ ಗೊತ್ತಿರುವುದರಿಂದ ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗಲೂ ನನ್ನನ್ನು ಇವೇ ಪ್ರಶ್ನೆ ಕೇಳುತ್ತಾರೆ. ಯಾರೂ ಕೇಳದ ಪ್ರಶ್ನೆ ಒಂದಿದೆ: ನಮ್ಮ ಮನೆಗೆ ತಿಂಗಳಿಗೆ ಎಷ್ಟು ಲೀಟರ್ ಬರಬೇಕು? ನನ್ನ ಮಟ್ಟಿಗೆ ಅದೇ ಮೊದಲನೆಯದು. ಅದಕ್ಕೆ ಉತ್ತರ ಸಿಗದೆ ಉಳಿದದ್ದನ್ನು ಎಷ್ಟು ಚರ್ಚಿಸಿದರೂ ಪ್ರಯೋಜನ ಕಡಿಮೆ.

ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರ ಊಟಕ್ಕೆ ಹೊಸ ಮಾರ್ಗಸೂಚಿ ಹೊರತಂದಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದ ಒಬ್ಬರ ತಟ್ಟೆಗೆ ಅಡುಗೆಯ ಎಣ್ಣೆ, ತುಪ್ಪ, ಬೆಣ್ಣೆ ಎಲ್ಲ ಸೇರಿ 27 ಗ್ರಾಂ ಸಾಕು ಅನ್ನುತ್ತದೆ ಅದು. ಟೀ ಚಮಚದ ಲೆಕ್ಕದಲ್ಲಿ ಐದಾರು. ತಿಂಗಳಿಗೆ ತಲೆಗೆ ಸುಮಾರು 900 ಮಿಲಿಲೀಟರ್. ನಾಲ್ಕು ಜನರ ಮನೆಗೆ ಮೂರೂವರೆ ಲೀಟರ್ ಅಂದುಕೊಳ್ಳಿ. ಅದರಲ್ಲಿ ಅರ್ಧ ಕೆಜಿ ತುಪ್ಪ ಇದ್ದರೆ ಎಣ್ಣೆ ಮೂರು ಲೀಟರಿಗೆ ನಿಲ್ಲಬೇಕು. ಇನ್ನು ನಿಮ್ಮ ಮನೆಯ ದಿನಸಿ ಚೀಟಿ ತೆಗೆದು ನೋಡಿ. ಐದು ಲೀಟರ್ ಕ್ಯಾನ್ ತಿಂಗಳೊಳಗೆ ಮುಗಿಯುವ ಮನೆಗಳು ನನಗೆ ಬೇಕಾದಷ್ಟು ಗೊತ್ತು. ಅದರ ಮೇಲೆ ಒಂದು ಕೆಜಿ ತುಪ್ಪ, ಶನಿವಾರ ಭಾನುವಾರ ಮೊಬೈಲಿನಲ್ಲಿ ತರಿಸಿಕೊಂಡ ಊಟ, ಸಂಜೆಯ ಬಜ್ಜಿ ಬೋಂಡ. ಆ ಹೊರಗಿನ ಎಣ್ಣೆ ಯಾವ ಚೀಟಿಯಲ್ಲೂ ಬರುವುದಿಲ್ಲ. ಎಣ್ಣೆ ಯಾವುದೇ ಇರಲಿ, ಗ್ರಾಂಗೆ 9 ಕ್ಯಾಲೊರಿ. ಗಾಣದ್ದಕ್ಕೂ ಅಷ್ಟೇ, ಆಲಿವ್ ಎಣ್ಣೆಗೂ ಅಷ್ಟೇ, ತುಪ್ಪಕ್ಕೂ ಅಷ್ಟೇ.

ಕಡಿಮೆ ಮಾಡುವುದು ಅಂದರೆ ರುಚಿ ಬಿಡುವುದಲ್ಲ. ಕ್ಯಾನಿನಿಂದ ಸೀದಾ ಬಾಣಲೆಗೆ ಸುರಿಯುವ ಅಭ್ಯಾಸ ಒಂದನ್ನು ನಿಲ್ಲಿಸಿ. ದಿನದ ಎಣ್ಣೆಯನ್ನು ಬೆಳಿಗ್ಗೆಯೇ ಚಿಕ್ಕ ಗಿಂಡಿಗೆ ಅಳೆದಿಟ್ಟುಕೊಂಡು ಅದರಲ್ಲೇ ಅಡುಗೆ ಮುಗಿಸಿ. ಕಬ್ಬಿಣದ ಕಾವಲಿ ಚೆನ್ನಾಗಿ ಪಳಗಿದ್ದರೆ, ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಸವರಿದರೂ ದೋಸೆ ಏಳುತ್ತದೆ. ಹುಳಿ ಸಾರಿನ ಒಗ್ಗರಣೆಗೆ ಒಂದು ಟೀ ಚಮಚ ಸಾಕು, ಇಂಗು ಸಾಸಿವೆ ಕರಿಬೇವು ಸರಿಯಾಗಿ ಸಿಡಿಯಬೇಕು ಅಷ್ಟೇ. ಪಲ್ಯವನ್ನು ಮುಚ್ಚಳ ಮುಚ್ಚಿ ನೀರು ಚಿಮುಕಿಸಿ ಬೇಯಿಸಿ ಆಮೇಲೆ ಒಗ್ಗರಣೆ ಕೊಟ್ಟರೆ, ಮೊದಲಿನಿಂದ ಎಣ್ಣೆಯಲ್ಲೇ ಬಾಡಿಸಿದ್ದಕ್ಕಿಂತ ಅರ್ಧ ಉಳಿಯುತ್ತದೆ.

ಪ್ರಮಾಣ ಹಿಡಿತಕ್ಕೆ ಬಂದ ಮೇಲೆ ಯಾವ ಎಣ್ಣೆ ಅನ್ನುವ ಪ್ರಶ್ನೆಗೆ ಬರೋಣ. ಒಂದನ್ನೇ ಜೀವನವಿಡೀ ಹಿಡಿಯಬೇಡಿ ಅನ್ನುವುದು ನನ್ನ ಮಾತು. ಒಂದೊಂದು ಎಣ್ಣೆಯಲ್ಲಿ ಒಂದೊಂದು ಬಗೆಯ ಕೊಬ್ಬಿನಾಮ್ಲ ಹೆಚ್ಚು. ಸೂರ್ಯಕಾಂತಿ, ಕುಸುಬೆ ಎಣ್ಣೆಗಳಲ್ಲಿ ಸಾಮಾನ್ಯವಾಗಿ ಒಮೆಗಾ-6 ಅನ್ನುವುದು ಹೆಚ್ಚು. ಕಡಲೆಕಾಯಿ, ಎಳ್ಳು, ತವುಡಿನ ಎಣ್ಣೆಗಳಲ್ಲಿ ಒಲೀಕ್ ಅನ್ನುವ ಕೊಬ್ಬಿನಾಮ್ಲವೂ ಒಳ್ಳೆ ಪ್ರಮಾಣದಲ್ಲಿದೆ. ಒಮೆಗಾ-3 ಬೇಕಾದರೆ ಸಾಸಿವೆ ಎಣ್ಣೆ, ಸೋಯಾ ಎಣ್ಣೆ. ಒಂದು ತಿಂಗಳು ಕಡಲೆಕಾಯಿ ಎಣ್ಣೆ, ಇನ್ನೊಂದು ತಿಂಗಳು ಸೂರ್ಯಕಾಂತಿ ಅಥವಾ ತವುಡಿನದು, ಮಧ್ಯೆ ಎಳ್ಳೆಣ್ಣೆಯ ಒಂದು ಸಣ್ಣ ಬಾಟಲಿ ಅಂತ ತಿರುಗಿಸುತ್ತಿದ್ದರೆ ಸಾಕು. ಎಣ್ಣೆ ಮಿಲ್ಲುಗಳಿಂದಲೇ ಹೆಸರಾದ ಚಳ್ಳಕೆರೆ ನಮ್ಮಲ್ಲಿದೆ, ಕುಸುಬೆ ಬೆಳೆಯುವ ಕಲಬುರಗಿ, ವಿಜಯಪುರ ನಮ್ಮಲ್ಲಿವೆ. ದುಡ್ಡಿದ್ದವರು ಸಲಾಡಿಗೆ ಆಲಿವ್ ಎಣ್ಣೆ ಹಾಕಿಕೊಳ್ಳಲಿ, ಅದು ಒಳ್ಳೆಯ ಎಣ್ಣೆಯೇ. ಆದರೆ ಅದಿಲ್ಲದೆ ಹೃದಯ ಉಳಿಯುವುದಿಲ್ಲ ಅಂತ ಸಾಲ ಮಾಡಿ ತರಬೇಡಿ.

ಗಾಣದ ಎಣ್ಣೆಯ ಬಗ್ಗೆ ನನಗೆ ಪ್ರೀತಿಯಿದೆ. ಆ ಘಮ ರಿಫೈನ್ಡ್ ಎಣ್ಣೆಗೆ ಬರಲಾರದು. ರಿಫೈನ್ ಮಾಡುವಾಗ ಹೋಗುವ ವಿಟಮಿನ್ ಇ ಮುಂತಾದವು ಇದರಲ್ಲಿ ಹೆಚ್ಚು ಉಳಿದಿರುತ್ತವೆ. ಆದರೆ ಕೊಬ್ಬಿನ ಸ್ವರೂಪ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಗಾಣದ್ದು ಅಂದುಕೊಂಡು ಎರಡು ಚಮಚ ಜಾಸ್ತಿ ಹಾಕಿದರೆ ಲಾಭವೆಲ್ಲ ಅಲ್ಲೇ ಮುಗಿಯಿತು. ಇನ್ನೊಂದು ವಿಷಯವನ್ನು ಬಹಳ ಜನ ಹೇಳುವುದಿಲ್ಲ. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಅದು ಯಕೃತ್ತಿಗೆ ಕೆಟ್ಟದ್ದು. ರಿಫೈನ್ ಮಾಡುವಾಗ ಅದರ ಬಹುಪಾಲು ಹೋಗುತ್ತದೆ, ಗಾಣದಲ್ಲಿ ಹಿಂಡಿದಾಗ ಸ್ವಲ್ಪ ಎಣ್ಣೆಯಲ್ಲೇ ಉಳಿಯಬಹುದು. ಅದಕ್ಕೇ ನಾನು ಗಾಣದ ಅಂಗಡಿಗೆ ಹೋದರೆ "ಬೀಜ ಒಂದ್ಸಲ ತೋರಿಸಪ್ಪಾ" ಅಂತ ಕೇಳುತ್ತೇನೆ. ನಮ್ಮ ಬಡಾವಣೆಯ ಗಾಣದ ಹುಡುಗ "ಬನ್ನಿ ಅಮ್ಮಾ, ಮೂಟೇಲೇ ಕೈ ಹಾಕಿ ನೋಡಿ" ಅನ್ನುತ್ತಾನೆ. ಹಾಗೆ ತೋರಿಸುವವರ ಹತ್ತಿರ ಕೊಳ್ಳಿ.

ಪ್ಯಾಕೆಟಿನ ಮೇಲೆ ದೊಡ್ಡದಾಗಿ "ಕೊಲೆಸ್ಟ್ರಾಲ್ ಇಲ್ಲ" ಅಂತ ಕಂಡರೆ ಮರುಳಾಗಬೇಡಿ. ಕೊಲೆಸ್ಟ್ರಾಲ್ ಇರುವುದು ಪ್ರಾಣಿಮೂಲದ ಆಹಾರದಲ್ಲಿ. ಸಸ್ಯದ ಎಣ್ಣೆ ಯಾವುದರಲ್ಲೂ ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ಹಿಂದಿನ ಸಣ್ಣ ಅಕ್ಷರ ಓದಿ: ಜಾಸ್ತಿಯಾದರೆ ಹೃದಯಕ್ಕೆ ಒಳ್ಳೆಯದಲ್ಲದ ಸ್ಯಾಚುರೇಟೆಡ್ ಕೊಬ್ಬು ಎಷ್ಟು, ಅದಕ್ಕಿಂತ ಕೆಟ್ಟದ್ದಾದ ಟ್ರಾನ್ಸ್ ಫ್ಯಾಟ್ ಎಷ್ಟು, ಎರಡು ಎಣ್ಣೆ ಬೆರೆಸಿದ್ದರೆ ಯಾವುದು ಎಷ್ಟು ಪಾಲು. ಅಷ್ಟು ಸಾಕು.

ಈಗ ತುಪ್ಪ. ಇಲ್ಲಿ ಎರಡು ಪಂಗಡ. ತುಪ್ಪ ಅಂದರೆ ಹೆದರಿ ಓಡುವವರು ಒಂದು ಕಡೆ, ಅದೇ ಔಷಧಿ ಅಂತ ಬೆಳಿಗ್ಗೆ ಕಾಫಿಗೂ ಬೆರೆಸಿಕೊಳ್ಳುವವರು ಇನ್ನೊಂದು ಕಡೆ. ಎರಡನ್ನೂ ನಾನು ಒಪ್ಪುವುದಿಲ್ಲ. ತುಪ್ಪದಲ್ಲಿ ನೂರಕ್ಕೆ ಅರವತ್ತರಷ್ಟು ಸ್ಯಾಚುರೇಟೆಡ್ ಕೊಬ್ಬು. ಕೊಬ್ಬರಿ ಎಣ್ಣೆಯಲ್ಲಿ ಎಂಬತ್ತಕ್ಕೂ ಮೇಲೆ. ಪಾಮೋಲಿನ್ ಎಣ್ಣೆಯಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ. ಕಡಲೆಕಾಯಿ ಎಣ್ಣೆಯಲ್ಲಿ ಇಪ್ಪತ್ತರ ಒಳಗೆ, ಸೂರ್ಯಕಾಂತಿಯಲ್ಲಿ ಹತ್ತರ ಆಸುಪಾಸು. ಈ ಬಗೆಯ ಕೊಬ್ಬು ರಕ್ತದಲ್ಲಿ ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ ಅನ್ನುವುದು ಅನೇಕ ದಶಕಗಳಿಂದ ಮತ್ತೆ ಮತ್ತೆ ಕಂಡುಬಂದ ಸಂಗತಿ. 2000 ಕ್ಯಾಲೊರಿ ಉಣ್ಣುವವರಿಗೆ ಈ ಸ್ಯಾಚುರೇಟೆಡ್ ಕೊಬ್ಬು ದಿನಕ್ಕೆ ಸುಮಾರು 22 ಗ್ರಾಂ ದಾಟಬಾರದು ಅಂತ ಲೆಕ್ಕ. ಬಿಸಿ ಅನ್ನ ತೊವ್ವೆಗೆ ಒಂದು ಟೀ ಚಮಚ ತುಪ್ಪ ಹಾಕಿದರೆ ಬರುವುದು 3 ಗ್ರಾಂ. ಅದನ್ನು ಯಾಕೆ ಬಿಡಬೇಕು? ಆ ಒಂದು ಚಮಚಕ್ಕೆ ಮಗು ಇನ್ನೆರಡು ತುತ್ತು ಹೆಚ್ಚು ತಿನ್ನುತ್ತದೆ, ಹೋಳಿಗೆಗೆ ಜೀವ ಬರುತ್ತದೆ. ಆದರೆ ಅದೇ ತುಪ್ಪ ದೋಸೆಗೆ ಒಂದು ಸೌಟು, ಪೊಂಗಲ್‌ಗೆ ಇನ್ನೊಂದು, ಕೇಸರಿಬಾತ್‌ಗೆ ಮತ್ತೊಂದು ಅಂತ ಹೋದರೆ ಬೆಳಗಿನ ತಿಂಡಿಯಲ್ಲೇ ದಿನದ ಮಿತಿ ಮುಗಿದಿರುತ್ತದೆ.

"ನಮ್ಮಜ್ಜಿ ತೊಂಬತ್ತು ದಾಟಿ ಬಾಳಿದರು, ಬೆಣ್ಣೆ ತುಪ್ಪದಲ್ಲೇ ಬೆಳೆದವರು" ಅನ್ನುತ್ತಾರೆ. ಆ ಮಾತಿಗೆ ಗೌರವ ಕೊಟ್ಟೇ ಉತ್ತರಿಸಬೇಕು. ಅಜ್ಜಿ ಒರಳಲ್ಲಿ ರುಬ್ಬಿದರು, ಬಾವಿಯಿಂದ ನೀರು ಸೇದಿದರು, ಗದ್ದೆಗೆ ಬುತ್ತಿ ಹೊತ್ತು ನಡೆದರು. ಕರಿದ ತಿಂಡಿ ಹಬ್ಬಕ್ಕೊಮ್ಮೆ. ಬಿಸ್ಕತ್ತು, ಪಫ್ಸ್, ಐಸ್‌ಕ್ರೀಂ ಅವರ ವಾರದಲ್ಲಿ ಇರಲಿಲ್ಲ. ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕೂತು, ಆಫೀಸಿನಲ್ಲಿ ಒಂಬತ್ತು ಗಂಟೆ ಕೂತು, ಮನೆಗೆ ಬಂದು ಸೋಫಾದಲ್ಲಿ ಕೂರುವ ನಾವು ಅವರ ತುಪ್ಪವನ್ನು ಮಾತ್ರ ಎತ್ತಿಕೊಂಡರೆ ಹೇಗೆ? ತುಪ್ಪ ಬಿಟ್ಟು ಅದರ ಜಾಗಕ್ಕೆ ಬಿಳಿ ಅನ್ನ, ಸಕ್ಕರೆ, ಮೈದಾ ಹೆಚ್ಚಿಸಿಕೊಂಡವರಿಗೂ ಹೃದಯದ ಲಾಭ ಸಿಗುವುದಿಲ್ಲ ಅನ್ನುವುದನ್ನೂ ಸೇರಿಸಿಯೇ ಹೇಳಬೇಕು. ಆ ಜಾಗಕ್ಕೆ ಒಳ್ಳೆಯ ಎಣ್ಣೆ, ಕಾಳು, ಬೀಜಗಳು ಬಂದರೆ ಮಾತ್ರ ಲಾಭ.

ನಾಟಿ ಹಸುವಿನದು ಅಂತ ಮಾರುವ ಎ2 ತುಪ್ಪಕ್ಕೆ ಹೆಚ್ಚು ದುಡ್ಡು ಕೊಡುವ ತಾಯಂದಿರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಎ1, ಎ2 ಅನ್ನುವುದು ಹಾಲಿನಲ್ಲಿರುವ ಬೀಟಾ ಕೇಸಿನ್ ಅನ್ನುವ ಪ್ರೋಟೀನಿನ ಎರಡು ಬಗೆ. ತುಪ್ಪ ಕಾಯಿಸಿ ಗಸಿ ಸೋಸಿದ ಮೇಲೆ ಅದರಲ್ಲಿ ಪ್ರೋಟೀನೇ ಉಳಿದಿರುವುದಿಲ್ಲ. ಇನ್ನು ಎ2 ಎಲ್ಲಿಂದ ಬರಬೇಕು? 2024ರ ಆಗಸ್ಟ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಈ ಲೇಬಲ್ ತೆಗೆಯಿರಿ ಅಂತ ಸೂಚನೆ ಹೊರಡಿಸಿ, ಕೆಲವೇ ದಿನಗಳಲ್ಲಿ ವಾಪಸ್ ಪಡೆಯಿತು. ಆ ಸೂಚನೆ ಉಳಿಯಬೇಕಿತ್ತು ಅನ್ನುವುದು ನನ್ನ ಖಚಿತ ಅಭಿಪ್ರಾಯ. ನಾಟಿ ಹಸು ಸಾಕುವ ರೈತರಿಗೆ ಒಳ್ಳೆ ಬೆಲೆ ಸಿಗಲಿ, ಅದಕ್ಕೆ ತುಪ್ಪದ ಮೇಲೆ ಇಲ್ಲದ ಗುಣ ಬರೆಯಬೇಕಾಗಿಲ್ಲ.

ಹಾಲಿನ ವಿಷಯಕ್ಕೆ ಬಂದರೆ, ಟೋನ್ಡ್ ಹಾಲು ಅಂದರೆ ನೀರು ಹಾಲು ಅನ್ನುವ ಭಾವನೆ ಈ ಊರಲ್ಲಿ ಗಟ್ಟಿಯಾಗಿ ಕೂತಿದೆ. ನಂದಿನಿಯ ನೀಲಿ ಪ್ಯಾಕೆಟ್ ಟೋನ್ಡ್ ಹಾಲು, ಅದರಲ್ಲಿ ಕೊಬ್ಬು ಶೇ 3. ಡಬಲ್ ಟೋನ್ಡ್‌ನಲ್ಲಿ ಶೇ 1.5, ಸ್ಟ್ಯಾಂಡರ್ಡೈಸ್ಡ್‌ನಲ್ಲಿ ಶೇ 4.5, ಫುಲ್ ಕ್ರೀಮ್‌ನಲ್ಲಿ ಶೇ 6. ಬದಲಾಗುವುದು ಮುಖ್ಯವಾಗಿ ಕೊಬ್ಬು. ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ, ಅಂದರೆ ಪ್ರೋಟೀನು, ಲ್ಯಾಕ್ಟೋಸ್, ಕ್ಯಾಲ್ಸಿಯಂ ಇರುವ ಭಾಗ, ಈ ಎಲ್ಲದರಲ್ಲೂ ಶೇ 8.5ರಿಂದ 9ರ ಮಟ್ಟದಲ್ಲೇ ಇರಬೇಕು ಅಂತ ನಿಯಮ. ದಿನಕ್ಕೆ 300 ಮಿಲಿ ಹಾಲು ಅಥವಾ ಮೊಸರು ಅನ್ನುವುದು ಅದೇ 2024ರ ಮಾರ್ಗಸೂಚಿಯ ಮಾತು. ಅಷ್ಟನ್ನು ಫುಲ್ ಕ್ರೀಮ್‌ನಲ್ಲಿ ಕುಡಿದರೆ 18 ಗ್ರಾಂ ಕೊಬ್ಬು, ಟೋನ್ಡ್‌ನಲ್ಲಿ 9, ಡಬಲ್ ಟೋನ್ಡ್‌ನಲ್ಲಿ ನಾಲ್ಕೂವರೆ. ಹಾಲಿನ ಕೊಬ್ಬಿನಲ್ಲಿ ಮೂರನೇ ಎರಡು ಪಾಲಿನಷ್ಟು ಸ್ಯಾಚುರೇಟೆಡ್. ಹಾಗಾಗಿ ತೂಕ, ಕೊಲೆಸ್ಟ್ರಾಲ್ ಜಾಸ್ತಿ ಇರುವ ದೊಡ್ಡವರಿಗೆ ಟೋನ್ಡ್ ಅಥವಾ ಡಬಲ್ ಟೋನ್ಡ್ ಸಾಕು. ಬೆಳೆಯುವ, ಸಣಕಲು ಮಕ್ಕಳಿಗೆ ಗಟ್ಟಿ ಹಾಲು ಕೊಡಿ. ಎರಡು ವರ್ಷದೊಳಗಿನ ಮಗುವಿನ ಊಟದಲ್ಲಂತೂ ಕೊಬ್ಬು ಕಡಿಮೆ ಮಾಡಲು ಹೋಗಲೇಬೇಡಿ.

"ಕೆನೆನೇ ಕಟ್ಟಲ್ಲ ಕಣೇ, ನೀರು ಬೆರೆಸಿದಾರೆ" ಅನ್ನುವ ದೂರು ಎದುರು ಮನೆ ಅಕ್ಕನದು. ಅವರು ತರುವುದು ಹೋಮೋಜಿನೈಸ್ಡ್ ಹಾಲು. ಅದರಲ್ಲಿ ಕೊಬ್ಬಿನ ಕಣಗಳನ್ನು ಒತ್ತಡದಲ್ಲಿ ಒಡೆದು ಹಾಲಿನುದ್ದಕ್ಕೂ ಹರಡಿರುತ್ತಾರೆ, ಮೇಲೆ ಬಂದು ದಪ್ಪ ಕೆನೆ ಕಟ್ಟುವುದಿಲ್ಲ. ಕೊಬ್ಬು ಎಲ್ಲೂ ಹೋಗಿರುವುದಿಲ್ಲ, ಲೋಟದೊಳಗೇ ಇರುತ್ತದೆ. ಬೇಡದವರು ಕೆನೆ ತೆಗೆದು ಕುಡಿಯುವ ಹಳೆಯ ಉಪಾಯ ಈ ಹಾಲಿಗೆ ನಡೆಯದು.

ಸಸ್ಯಾಹಾರಿಗಳಿಗೆ ಹಾಲು ಮೊಸರು ಇನ್ನೂ ಒಂದು ಕಾರಣಕ್ಕೆ ಮುಖ್ಯ: ವಿಟಮಿನ್ ಬಿ12 ಅವರಿಗೆ ಸಹಜವಾಗಿ ಸಿಗುವುದು ಹೆಚ್ಚುಕಡಿಮೆ ಇಲ್ಲಿಂದ ಮಾತ್ರ. ಕ್ಯಾಲ್ಸಿಯಂಗಾದರೆ ರಾಗಿ ಇದೆ, 100 ಗ್ರಾಂಗೆ 350 ಮಿಲಿಗ್ರಾಂನ ಆಸುಪಾಸು. ರಾಗಿ ಮುದ್ದೆ ಉಂಡು ಮಜ್ಜಿಗೆ ಕುಡಿದವರಿಗೆ ಎರಡೂ ಕಡೆಯಿಂದ ಬಂತು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಲ್ಲಿ ಬಹಳ ಜನಕ್ಕೆ ಮೊಸರು ಒಗ್ಗುತ್ತದೆ. ಬಾದಾಮಿ ಹಾಲಿನ ಡಬ್ಬಿಗಳಲ್ಲಿ ಲೋಟಕ್ಕೆ ಒಂದೆರಡು ಗ್ರಾಂ ಪ್ರೋಟೀನು, ಹಸುವಿನ ಹಾಲಿನಲ್ಲಿ ಆರೇಳು. ಹಾಲು ಬಿಡಲೇಬೇಕಾದವರಿಗೆ ಸೋಯಾ ಹಾಲು ಹತ್ತಿರದ್ದು. ಹಣ್ಣಿನ ರುಚಿಯ ಮೊಸರಿನ ಕಪ್ಪುಗಳಲ್ಲಿ ಸಕ್ಕರೆ ನೋಡಿ ಕೊಳ್ಳಿ. "ಫ್ರೋಜನ್ ಡೆಸರ್ಟ್" ಅಂತ ಬರೆದಿದ್ದರೆ ಅದು ಐಸ್‌ಕ್ರೀಂ ಅಲ್ಲ, ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಹಾಕಿದ್ದು. ಪನೀರಿನ ಬಗ್ಗೆ ಅನುಮಾನ ಇದ್ದರೆ ಮನೆಯಲ್ಲೇ ಹಾಲಿಗೆ ನಿಂಬೆ ಹಿಂಡಿ ಒಡೆಸಿ, ಅರ್ಧ ಗಂಟೆಯ ಕೆಲಸ.

ನನಗೆ ಅತಿ ಹೆಚ್ಚು ಚಿಂತೆ ಇರುವುದು ಮಾತ್ರ ಮನೆಯ ಹೊರಗಿನ ಕೊಬ್ಬಿನದು. ಡಾಲ್ಡಾ ಅಂತ ಕರೆಯುವ ವನಸ್ಪತಿಯಲ್ಲಿ, ಅದರಿಂದ ಮಾಡಿದ ಬೇಕರಿ ತಿಂಡಿಗಳಲ್ಲಿ ಟ್ರಾನ್ಸ್ ಫ್ಯಾಟ್ ಇರುತ್ತಿತ್ತು. ಅದು ಕೆಟ್ಟ ಕೊಲೆಸ್ಟ್ರಾಲ್ ಏರಿಸುವುದಲ್ಲದೆ ಒಳ್ಳೆಯದನ್ನು ಇಳಿಸುತ್ತದೆ. 2021ರ ಜನವರಿಯಿಂದ ಅದರ ಮಿತಿಯನ್ನು ಶೇ 3ಕ್ಕೆ, 2022ರ ಜನವರಿಯಿಂದ ಶೇ 2ಕ್ಕೆ ಇಳಿಸಿದರು. ಇದು ನಮ್ಮ ದೇಶ ಮಾಡಿದ ಬಹಳ ಒಳ್ಳೆಯ ಕೆಲಸ. ಆದರೆ ಬೀದಿಬದಿಯ ಬಾಣಲೆಗೆ ಲೇಬಲ್ ಇರುವುದಿಲ್ಲ. ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿದಾಗ ಕೆಟ್ಟ ಸಂಯುಕ್ತಗಳು ಸೇರುತ್ತಾ ಹೋಗುತ್ತವೆ. ಅವು ಶೇ 25 ದಾಟಿದ ಎಣ್ಣೆಯನ್ನು ಬಳಸಕೂಡದು ಅಂತ 2018ರಿಂದ ನಿಯಮವಿದೆ. ಕಪ್ಪಾಗಿ, ನೊರೆ ಏಳುತ್ತಾ, ಹೊಗೆ ಬರುತ್ತಿರುವ ಎಣ್ಣೆ ಕಂಡರೆ ಮುಂದೆ ನಡೆಯಿರಿ. ಮನೆಯಲ್ಲಿ ಹಪ್ಪಳ ಸಂಡಿಗೆ ಕರಿದು ಉಳಿದದ್ದನ್ನು ಸೋಸಿ, ಒಂದೆರಡು ದಿನದೊಳಗೆ ಒಗ್ಗರಣೆಗೆ ಮುಗಿಸಿ. ಅದರಲ್ಲೇ ಮತ್ತೆ ಕರಿಯಬೇಡಿ.

ಸುರಿದುಕೊಳ್ಳುವ ಕೊಬ್ಬಿಗಿಂತ ಅಗಿದು ತಿನ್ನುವ ಕೊಬ್ಬು ನನಗೆ ಹೆಚ್ಚು ಇಷ್ಟ. ಬಸವನಗುಡಿಯ ಕಡಲೆಕಾಯಿ ಪರಿಷೆಯಿಂದ ಸೇರುಗಟ್ಟಲೆ ತರುತ್ತೇವಲ್ಲ, ಆ ಬೇಯಿಸಿದ ಕಡಲೆಕಾಯಿ ಒಂದು ಹಿಡಿಯಲ್ಲಿ ಕೊಬ್ಬಿನ ಜೊತೆ ಪ್ರೋಟೀನು, ನಾರು ಎಲ್ಲ ಇದೆ. ಹುಚ್ಚೆಳ್ಳಿನ ಚಟ್ನಿಪುಡಿ, ಉತ್ತರ ಕರ್ನಾಟಕದವರ ಅಗಸಿ ಚಟ್ನಿ ಊಟದಲ್ಲಿರಲಿ. ಒಮೆಗಾ-3ಕ್ಕೆ ಸಸ್ಯಾಹಾರಿಗಳಿಗೆ ಅಗಸೆಯಷ್ಟು ಅಗ್ಗದ ದಾರಿ ಇನ್ನೊಂದಿಲ್ಲ. ಹುರಿದು ಪುಡಿ ಮಾಡಿ, ಇಡೀ ಬೀಜ ನುಂಗಿದರೆ ಸರಿಯಾಗಿ ಅರಗದು. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಇವೆ. ದುಬಾರಿ ಸಾಲ್ಮನ್ ಹುಡುಕಿಕೊಂಡು ಹೋಗಬೇಕಿಲ್ಲ. ಆದರೆ ಕರಿಯಬೇಡಿ, ಕರಾವಳಿಯ ಹುಳಿ ಖಾರದ ಪುಳಿಮುಂಚಿ ಮಾಡಿ.

ಕೊನೆಗೆ ಪಿಜಿಗಳಲ್ಲಿರುವ ಮಕ್ಕಳ ಮಾತು. ಜಯದೇವ ಆಸ್ಪತ್ರೆಗೆ ನಲವತ್ತರ ಒಳಗಿನವರು ಎದೆನೋವು ಅಂತ ಬರುವುದು ಈಗ ಅಪರೂಪವಲ್ಲ. ಸಿಗರೇಟು, ಸಕ್ಕರೆ ಕಾಯಿಲೆ, ಮನೆತನದ ಕಾಯಿಲೆ ಎಲ್ಲ ಅದರಲ್ಲಿವೆ, ಊಟವೂ ಇದೆ. ಅಡುಗೆಮನೆ ಇಲ್ಲದ ಆ ಮಕ್ಕಳಿಗೆ ಎಣ್ಣೆ ಅಳೆದು ಹಾಕಿಕೊಳ್ಳುವ ಅವಕಾಶವೇ ಇಲ್ಲ. ಅವರಿಗೆ ನಾನು ಹೇಳುವುದು ಇಷ್ಟು: ದರ್ಶಿನಿಯಲ್ಲಿ ಪೂರಿ, ವಡೆಯ ಬದಲು ಇಡ್ಲಿ ತಗೊಳ್ಳಿ, ಬೆಣ್ಣೆ ದೋಸೆ ವಾರಕ್ಕೊಂದು ದಿನ ಇರಲಿ. ರೂಮಲ್ಲಿ ಹುರಿದ ಕಡಲೆಬೀಜದ ಡಬ್ಬಿ ಇಟ್ಟುಕೊಳ್ಳಿ. ರಾತ್ರಿ ಊಟಕ್ಕೆ ಒಂದು ಪ್ಯಾಕೆಟ್ ಮೊಸರು ತನ್ನಿ. ಪಿಜಿ ನಡೆಸುವ ಅಣ್ಣಂದಿರು, ಅಕ್ಕಂದಿರು ಇದನ್ನು ಓದುತ್ತಿದ್ದರೆ ಒಂದು ಮನವಿ: ಪಲ್ಯದ ಮೇಲೆ ತೇಲುವ ಎಣ್ಣೆ ಅರ್ಧ ಮಾಡಿ, ಉಳಿದ ದುಡ್ಡಿನಲ್ಲಿ ಆ ಮಕ್ಕಳಿಗೆ ದಿನಾ ಒಂದು ಲೋಟ ಮಜ್ಜಿಗೆ ಕೊಡಿ.